ಹದಿನಾಲ್ಕು ಅಲಾರಾಂ ಮತ್ತು ಒಲೆಯ ಮಸಿ

ತಮ್ಮನ ಮೊಬೈಲಿನ ಗಾಜು ಒಡೆದಿತ್ತು ಗೆಳೆಯರೇ. ಇವತ್ತು ಬೆಳ್ಳಾರೆಯಲ್ಲಿ ಸರಿಮಾಡಿಸಿ ತಂದೆ. ಅಂಗಡಿಯವನು ದೊಡ್ಡ ಉಪಕಾರ ಮಾಡಿದವನಂತೆ ಹೇಳಿದ: "ಒಳಗೆ ಹದಿನಾಲ್ಕು ಅಲಾರಾಂ ಇತ್ತು ಮಾರಾಯ್ರೆ! ಎಲ್ಲ ತೆಗ್ದು ಕ್ಲೀನ್ ಮಾಡಿದ್ದೇನೆ."

"ಕೇಳದೆ ಯಾಕೆ ತೆಗೆದದ್ದು?"

"ಕೇಳುದೆಂತ? ಒಬ್ಬ ಮನುಷ್ಯನಿಗೆ ಅಷ್ಟು ಅಲಾರಾಂ ಎಂತಕ್ಕೆ?"

ತಮ್ಮನಿಗೆ ಬೇಕು. ಎಂಬತ್ಮೂರನೇ ಇಸವಿಯಲ್ಲಿ ಮರದಿಂದ ಬಿದ್ದು ತಲೆಗೆ ಪೆಟ್ಟಾದಂದಿನಿಂದ, ಒಂದು ಕೆಲಸ ಮುಗಿದರೆ ಮುಂದಿನದು ಅವನಿಗೆ ಹೊಳೆಯುವುದಿಲ್ಲ. ಆಗ ಅಮ್ಮ ಒಲೆಯ ಮಸಿತುಂಡಿನಿಂದ, ಅಂದರೆ ಇದ್ದಿಲಿನಿಂದ, ಅಡುಗೆಮನೆಯ ಗೋಡೆಯ ಮೇಲೆ ಬರೆದಿದ್ದರು: ಹಲ್ಲುಜ್ಜು, ಗಂಜಿ ಉಣ್ಣು, ಮಾತ್ರೆ ನುಂಗು, ದನಕ್ಕೆ ನೀರಿಡು. ಅದನ್ನು ಓದಿಕೊಂಡು ಅವನು ಯಾರ ಹಂಗೂ ಇಲ್ಲದೆ ದಿನ ಕಳೆಯುತ್ತಿದ್ದ. ಒಂದು ದೀಪಾವಳಿಗೆ ಬಂದ ಸೋದರಮಾವ, ನಾನೂ ಅಮ್ಮನೂ ಪುತ್ತೂರು ಪೇಟೆಗೆ ಹೋಗಿ ಬರುವುದರೊಳಗೆ ಆ ಗೋಡೆಗೆ ಸುಣ್ಣ ಹೊಡೆದಿದ್ದರು.

"ಗೋಡೆ ಇಡೀ ಮಸಿ! ಹಬ್ಬಕ್ಕೆ ಮನೆ ಚಂದ ಕಾಣುದು ಬೇಡ್ವಾ ಅಕ್ಕ?" ಎಂದರು.

ತಮ್ಮ ಬಿಳಿ ಗೋಡೆಯ ಎದುರು ಹಸಿದು ಕುಳಿತಿದ್ದ. ಗಂಜಿಯ ಪಾತ್ರೆ ಪಕ್ಕದಲ್ಲೇ ಇತ್ತು.

ಗೋಡೆ ಹೋಗಿ, ಒಂದೊಂದು ಕೆಲಸಕ್ಕೆ ಒಂದೊಂದು ಅಲಾರಾಂ ಕೂಗುವ ಮೊಬೈಲ್ ಬಂತು. ಕೇಳದೆ ಉಪಕಾರ ಮಾಡುವವರ ಸಂತತಿ ಮಾತ್ರ ಹಾಗೆಯೇ ಇದೆ.

ಇವತ್ತು ಮಧ್ಯಾಹ್ನದ ಮಾತ್ರೆಯ ಹೊತ್ತು ಮೀರಿದರೂ ತಮ್ಮ ಸದ್ದಿಲ್ಲದ ಮೊಬೈಲನ್ನು ಹಿಡಿದು ಕೂತೇ ಇದ್ದ. ಆದದ್ದನ್ನು ಹೇಳಿದೆ. ಸ್ವಲ್ಪ ಯೋಚಿಸಿ ಕೇಳಿದ: "ಅಣ್ಣ, ಒಂದು ತುಂಡು ಮಸಿ ಉಂಟಾ?"

ಎಲ್ಲಿಯ ಮಸಿ? ಮನೆಯಲ್ಲಿ ಈಗ ಗ್ಯಾಸ್.