ಉಪ್ಪುಂದದಿಂದ ಬಂದ ಎರಡು ಟ್ಯೂಬು ರಕ್ತ

ಬ್ರಹ್ಮಾವರದಲ್ಲಿ ಬೆಳಗ್ಗೆ ಎಕ್ಸ್‌ಪ್ರೆಸ್ ಬಸ್ಸು ಹತ್ತಿದಾಗ ನನ್ನ ಬ್ಯಾಗಿನಲ್ಲಿ ಖಾಲಿ ಟ್ಯೂಬುಗಳೂ ತಲೆಯಲ್ಲಿ ಒಂದು ಜಗಳವೂ ಇದ್ದವು. ನಮ್ಮ ಲ್ಯಾಬಿಗೆ ಬಂದ ರಕ್ತ ಪರೀಕ್ಷೆಯ ಹೊಸ ಯಂತ್ರವನ್ನು, ಪ್ರಮಾಣ ಗೊತ್ತಿರುವ ಮಾದರಿಗಳನ್ನು ಮತ್ತೆ ಮತ್ತೆ ಅಳೆದು, ಸರಿಯಿದೆ ಎಂದು ಒಪ್ಪಿಕೊಂಡವಳು ನಾನು. ಆದರೆ ಉಪ್ಪುಂದದ ಸಂಗ್ರಹ ಕೇಂದ್ರದಿಂದ ಬರುವ ರಕ್ತದಲ್ಲಿ ಮಾತ್ರ ಪೊಟ್ಯಾಸಿಯಂ ಜಾಸ್ತಿ. ಅಲ್ಲಿ ಮೀನು ಮಾರುವ ಗಿರಿಜಕ್ಕನಿಗೆ, ಆ ವರದಿ ನೋಡಿ ಕಿಡ್ನಿ ಕೆಟ್ಟಿರಬಹುದೆಂದು, ಡಾಕ್ಟರು ಪೊಟ್ಯಾಸಿಯಂ ಜಾಸ್ತಿಯಿರುವ ಬೊಂಡದ ನೀರು, ಅಂದರೆ ಎಳನೀರು, ಕುಡಿಯುವುದನ್ನೇ ನಿಲ್ಲಿಸಿ, ಮರುದಿನ ದೊಡ್ಡಾಸ್ಪತ್ರೆಗೆ ಸೇರಲು ಹೇಳಿದ್ದರು. ನನಗೆ ನನ್ನ ಯಂತ್ರದ ಮೇಲೆ ನಂಬಿಕೆಯಿತ್ತು. ರಕ್ತ ಯಂತ್ರಕ್ಕೆ ಬರುವ ಮೊದಲೇ ಏನೋ ಆಗುತ್ತಿದೆ, ನೋಡಿಯೇ ಬಿಡೋಣ ಎಂದು ಹೊರಟೆ.

ಸಾಸ್ತಾನದ ಟೋಲ್ ದಾಟುವಾಗಲೇ ಬಿಸಿಲು ಚುರುಗುಟ್ಟುತ್ತಿತ್ತು. ಕುಂದಾಪುರದಲ್ಲಿ ಬಸ್ಸು ಬದಲಿಸುವ ನಡುವೆ ಎರಡು ಬನ್ಸ್ ತಿಂದೆ. ಹಸಿದ ಹೊಟ್ಟೆಯಲ್ಲಿ ಯಾರ ತಪ್ಪನ್ನೂ ಹುಡುಕಬಾರದು. ಮರವಂತೆಯಲ್ಲಿ ಎಡಕ್ಕೆ ಕಡಲು, ಬಲಕ್ಕೆ ಹೊಳೆ. ಎಷ್ಟು ಸಲ ನೋಡಿದರೂ ಅಲ್ಲಿ ನಾನು ಕಿಟಕಿ ಬಿಡುವವಳಲ್ಲ.

ಕೇಂದ್ರ ನೋಡಿಕೊಳ್ಳುವ ಸುಧಾಕರ ಮೀನು ವ್ಯಾಪಾರದ ಮನೆಯವನು. ಲ್ಯಾಬಿಗೆ ಕಳಿಸುವ ಪೆಟ್ಟಿಗೆ ತೆರೆದು ತೋರಿಸಿದ. ಪುಡಿ ಐಸಿನೊಳಗೆ ಟ್ಯೂಬುಗಳು ಬಂಗುಡೆ ಮೀನಿನ ಹಾಗೆ ಸಾಲಾಗಿ ಹುದುಗಿದ್ದವು.

"ಇದೆಂತ ಸುಧಾಕರ?"

"ಐಸ್ ಹಾಕ್ದೇ ಕಳ್ಸುಕಾತ್ತಾ ಮೇಡಂ? ಮೀನೇ ಹಾಳಾತ್ತ್, ರಕ್ತ ಉಳಿತ್ತಾ?" ಎಂದ, ಹೆಮ್ಮೆಯಿಂದ.

ನಗುವೂ ಬಂತು, ಸಿಟ್ಟೂ ಬಂತು. ಐಸಿನ ತಂಪಿನಲ್ಲಿ ಹೊತ್ತು ಕಳೆದರೆ ರಕ್ತಕಣಗಳೊಳಗಿನ ಪೊಟ್ಯಾಸಿಯಂ ಹೊರಗೆ ಸೋರುತ್ತದೆ. ಆದರೆ ಬರೀ ಬಾಯಿಮಾತನ್ನು ಯಾವ ಡಾಕ್ಟರು ಕೇಳುತ್ತಾರೆ? ಗಿರಿಜಕ್ಕನನ್ನು ಕರೆಸಿ ಒಂದೇ ಸೂಜಿಯಲ್ಲಿ ಎರಡು ಟ್ಯೂಬು ರಕ್ತ ತೆಗೆದೆ.

"ನಾಳಿ ಆಸ್ಪತ್ರಿಯವ್ರಿಗೂ ಚೂರ್ ಉಳ್ಸಿ ಮರಾಯ್ರೆ," ಎಂದು ಅವರು ನಕ್ಕರು.

ಒಂದು ಟ್ಯೂಬನ್ನು ಸುಧಾಕರನ ಐಸಿನಲ್ಲಿಟ್ಟೆ, ಇನ್ನೊಂದನ್ನು ಐಸಿಲ್ಲದೆ ಹಾಗೇ ಬ್ಯಾಗಿನಲ್ಲಿಟ್ಟೆ. ಪೆಟ್ಟಿಗೆ ದಿನವೂ ಹೋಗುವ ಸಂಜೆಯ ಬಸ್ಸಿಗೇ ನಾನೂ ಹೊರಟಾಗ, ಅದನ್ನು ಹೊತ್ತು ತಂದ ಸುಧಾಕರ ಮೆಲ್ಲಗೆ ಕೇಳಿದ, "ಹಾಂಗಾರೆ ತಪ್ಪ್ ನಂದಾ?"

"ಯಂತ್ರ ಹೇಳ್ತ್, ಕಾಂಬ," ಎಂದೆ.

ಲ್ಯಾಬಿಗೆ ಬಂದವಳೇ ಎರಡನ್ನೂ ಅದೇ ಯಂತ್ರಕ್ಕೆ ಕೊಟ್ಟೆ. ಐಸಿನ ರಕ್ತದಲ್ಲಿ ಪೊಟ್ಯಾಸಿಯಂ ಜಾಸ್ತಿ, ಬ್ಯಾಗಿನದ್ದರಲ್ಲಿ ಸರಿಯಾಗಿತ್ತು. ಕಿಡ್ನಿಯ ಉಳಿದ ಪರೀಕ್ಷೆಗಳೂ ಚೆನ್ನಾಗಿದ್ದವು. ಮೊದಲು ಡಾಕ್ಟರಿಗೆ ತಿಳಿಸಿದೆ. ಆಸ್ಪತ್ರೆಯೂ ಬೇಡ, ಪಥ್ಯವೂ ಬೇಡ ಎಂದರು. ಆಮೇಲೆ ಗಿರಿಜಕ್ಕನಿಗೆ ಫೋನ್ ಮಾಡಿ ಅದನ್ನೇ ಹೇಳಿದೆ.

ಅವರು ಫೋನ್ ಇಡುವುದನ್ನೂ ಮರೆತು ಗಂಡನನ್ನು ಕೂಗಿದ್ದು ಕೇಳಿಸಿತು:

"ಹ್ವಾಯ್, ನಂಗೆಂತ ಆಯ್ಲಿಲ್ಲೆ ಅಂಬ್ರ್! ಒಂದ್ ಬೊಂಡ ಕೆತ್ತಿ!"

ಕತ್ತಿಯ ಮೊದಲ ಏಟು ಕೇಳುವವರೆಗೆ ನಾನೂ ಫೋನ್ ಇಡಲಿಲ್ಲ.