ಪಕ್ಕದ ಗಾಲಿಗಳಿಗೆ ನೀಲಿ

ನಿಜಲಿಂಗಪ್ಪನವರು ಮಾರ್ಕೆಟ್ ಯಾರ್ಡಿನ ಈರುಳ್ಳಿ ಅಡತಿ ಅಂಗಡಿಯಲ್ಲಿ ತೂಕದ ಕೆಲಸ ಮಾಡುತ್ತಾರೆ. ಚೀಲ ಏರಿಸುವ ಮೊದಲು ಬರಿಯ ಕಾಟಾ ಸೊನ್ನೆಗೆ ನಿಂತಿದೆಯೇ ಎಂದು ನೋಡದೆ ಅವರು ಕೈ ಹಾಕುವುದಿಲ್ಲ. ಮನೆಯಲ್ಲಿಯೂ ಅದೇ ಸ್ವಭಾವ. ಬಿಬವೇವಾಡಿಯ ಹಳೆಯ ಅಪಾರ್ಟ್‌ಮೆಂಟೊಂದರ ನೆಲಮಹಡಿಯಲ್ಲಿ ಹೆಂಡತಿ ಕಾಶವ್ವ ಮತ್ತು ಮಗಳು ತ್ರಿವೇಣಿಯ ಜೊತೆ ಇದ್ದಾರೆ.

ತ್ರಿವೇಣಿಯ ಬಲಗಾಲಿಗೆ ಚಿಕ್ಕಂದಿನಿಂದ ಶಕ್ತಿ ಇಲ್ಲ. ಕೋಲು ಹಿಡಿದು ನಡೆಯುತ್ತಾಳೆ. ಬಿ.ಕಾಂ. ಮುಗಿಸಿದ ಮೇಲೆ ಸ್ವಾರ್‌ಗೇಟಿನ ಒಂದು ಕಚೇರಿಯಲ್ಲಿ ಕೆಲಸ ಸಿಕ್ಕಿತು. ಒಬ್ಬಳೇ ಹೋಗಿಬರಲೆಂದು ಅಪ್ಪ ಹಳೆಯ ನೀಲಿ ಸ್ಕೂಟರೊಂದನ್ನು ಕೊಂಡು ಅದರ ಹಿಂಬದಿಗೆ ಎರಡು ಪಕ್ಕದ ಗಾಲಿಗಳನ್ನು ಕೂಡಿಸಿದರು. ಮೈದಾನದಲ್ಲಿ ಅವಳು ಚೆನ್ನಾಗಿಯೇ ಓಡಿಸಿದಳು. ರಸ್ತೆಗೆ ಮಾತ್ರ ಇಳಿಯಲಿಲ್ಲ. ಗಾಲಿಗಳ ಮೇಲಿನ ತಗಡಿನ ಮುಚ್ಚಿಗೆಗಳಿಗೆ ಇನ್ನೂ ಬಣ್ಣಕ್ಕೆ ಮೊದಲು ಹಚ್ಚುವ ಕಂದು ಪ್ರೈಮರ್ ಅಷ್ಟೇ ಬಿದ್ದಿತ್ತು.

“ಇವು ಸ್ಕೂಟರಿನ ಗಾಲಿ ಅಲ್ಲ, ಬಂಡೀದು ತಂದು ಹಚ್ಚ್ಯಾರ,” ಎಂದಳು. “ಇದರ ಮ್ಯಾಲೆ ಕುಂತು ನಾ ಆಫೀಸಿಗೆ ಹೋಗಂಗಿಲ್ಲ ಅಪ್ಪಾ. ಮನ್ಯಾಗ ಕುಂತು ಮಾಡೋ ಕೆಲಸ ಏನರ ಹುಡುಕ್ತೀನಿ.”

ಕೆಲಸಕ್ಕೆ ಸೇರಬೇಕಾದ ಸೋಮವಾರ ಹತ್ತಿರ ಬರುತ್ತಿತ್ತು. ಗ್ಯಾರೇಜಿನಲ್ಲಿ ಬಣ್ಣಕ್ಕೆ ಕೇಳಿದ ದರ ಕೈ ಮೀರಿದ್ದು. ಬ್ರಶ್ಶಿನಿಂದ ಬಳಿದರೆ ಗೆರೆ ಉಳಿಯುತ್ತದೆ. ಹಾಗಾಗಿ ನಿಜಲಿಂಗಪ್ಪನವರು ಒಂದು ಸ್ಪ್ರೇ ಗನ್ ಕೊಂಡು ಮನೆಯಲ್ಲಿಯೇ ಬಣ್ಣ ಹೊಡೆಯುವುದೆಂದು ತೀರ್ಮಾನಿಸಿದರು.

ನಾನಾ ಪೇಠದಲ್ಲಿ ರಿಪೇರಿ ಹತ್ಯಾರಗಳ ಅಂಗಡಿ ಇಟ್ಟಿರುವ ಭೀಮಣ್ಣ ಅಕ್ಕಲಕೋಟದ ಕಡೆಯವನು. ಅವನು ಮೂರು ಗನ್ನುಗಳನ್ನು ಮುಂದಿಟ್ಟ. ಒಂದು ನೇರ ಕರೆಂಟಿಗೆ ಹಚ್ಚುವಂಥದ್ದು, ಕಂಪ್ರೆಸರ್ ಬೇಡ. ಎರಡನೆಯದು ದೊಡ್ಡ ಬಟ್ಟಲಿನದು, ಗ್ಯಾರೇಜಿನವರು ಬಳಸುವಂಥದ್ದು. ಮೂರನೆಯದು ಅಂಗೈಯಲ್ಲಿ ಹಿಡಿಸುವಷ್ಟು ಸಣ್ಣದು. ಬಣ್ಣದ ಬಟ್ಟಲು ತಲೆಯ ಮೇಲೆ, ಮೂತಿಯ ತೂತು ಒಂದೇ ಮಿಲಿಮೀಟರ್.

“ಬಣ್ಣ ಬ್ಯಾಡ, ನೀರು ಹಾಕಿ ಹೊಡದು ತೋರಸ್ರಿ,” ಎಂದು ನಿಜಲಿಂಗಪ್ಪನವರು ಹಳೆಯ ಪೇಪರನ್ನು ಗೋಡೆಗೆ ಅಂಟಿಸಿದರು.

“ನೀರು ಹೊಡ್ಯಾಕ ಗನ್ ಯಾಕ್ರಿ? ಹಿತ್ತಲದಾಗ ಮೆಣಸಿನಗಿಡ ಹಚ್ಚೀರೇನು?”

“ಗಿಡ ಆಮ್ಯಾಲೆ ಹಚ್ಚೂಣು. ಮೊದಲ ಹೊಡೀರಿ.”

ಕರೆಂಟಿನ ಗನ್ನು ಪೇಪರಿನ ಮೇಲೆ ದಪ್ಪ ಹನಿಗಳನ್ನು ಉಗುಳಿತು. ಗೇಟಿಗೆ, ಗೋಡೆಗೆ ಸಾಕು, ಸ್ಕೂಟರಿಗೆ ಸಾಲದು. ದೊಡ್ಡದು ಅಗಲವಾಗಿ, ಒಂದೇ ಸಮನಾಗಿ ಹೊಡೆಯಿತು. ಆಗ ನಿಜಲಿಂಗಪ್ಪನವರು ಗಾಳಿಯನ್ನು ಕಡಿಮೆ ಮಾಡಲು ಹೇಳಿದರು. ಮನೆಯ ಮುಂದೆ ಪಂಕ್ಚರ್ ಅಂಗಡಿ ಇಟ್ಟಿರುವ ಬಾಳಕೃಷ್ಣ ತನ್ನ ಸಣ್ಣ ಕಂಪ್ರೆಸರನ್ನು ಒಂದು ದಿನಕ್ಕೆ ಕೊಡಲು ಒಪ್ಪಿದ್ದ. ಅದರ ಗಾಳಿ ಟಾಕಿ ಒಂದು ಬಿಂದಿಗೆಯಷ್ಟೇ ದೊಡ್ಡದು. ಗಾಳಿ ಇಳಿದ ಕೂಡಲೇ ದೊಡ್ಡ ಗನ್ನೂ ಹನಿ ಉಗುಳತೊಡಗಿತು. ಸಣ್ಣದು ಮಾತ್ರ ಅಷ್ಟೇ ಗಾಳಿಯಲ್ಲಿ ಹೂಬತ್ತಿಯ ಹಾಗೆ ನಯವಾದ ಮಂಜನ್ನು ಬಿಟ್ಟಿತು.

“ಗನ್ನಿನ ರೇಟ್ ನೋಡಿ ತಗೊಳ್ಳೋದಲ್ಲ, ನಮ್ಮ ಮನೀ ಗಾಳಿ ನೋಡಿ ತಗೋಬೇಕು,” ಎಂದು ಸಣ್ಣದನ್ನೇ ಕೈಗೆತ್ತಿಕೊಂಡರು. ದರದಲ್ಲಿಯೂ ಮೂರರಲ್ಲಿ ಅದೇ ಸೋವಿಯದಾಗಿತ್ತು.

ಶನಿವಾರ ಬೆಳಿಗ್ಗೆ ಸ್ಕೂಟರನ್ನು ಪಾರ್ಕಿಂಗಿನ ಮೂಲೆಗೆ ತಂದು, ಧೂಳು ಬಾರದಂತೆ ಸುತ್ತ ಹಸಿ ಚಾದರ ಕಟ್ಟಿದರು. ಪ್ರೈಮರನ್ನು ಉಜ್ಜಿ ಒರೆಸಿಟ್ಟು ಕಂಪ್ರೆಸರ್ ತರಲು ಹೋದರು. ತಂದ ಮೇಲೆ ಮೂಗಿಗೆ ಮಾಸ್ಕ್ ಕಟ್ಟಿಕೊಂಡು ಎಡಗಾಲಿಯ ಮುಚ್ಚಿಗೆಗೆ ಬಣ್ಣದ ಮೊದಲ ಕೈ ಹೊಡೆದರು. ನೀಲಿ ಚೆಂದವಾಗಿ ಕೂತಿತು. ನೋಡುತ್ತಿದ್ದಂತೆಯೇ ನಡುವೆ ಅದು ಬಾಯಿ ಬಿಡತೊಡಗಿತು. ಸಣ್ಣ ಸಣ್ಣ ಸುತ್ತುಗಳಾಗಿ ಬಣ್ಣ ಹಿಂದೆ ಸರಿದು, ಒಳಗಿನ ಕಂದು ಕಾಣಿಸಿತು.

ಗನ್ನನ್ನು ಬಿಚ್ಚಿ ತೊಳೆದರು. ಬಲಗಾಲಿಗೆ ಹೊಡೆದರೆ ಅಲ್ಲಿಯೂ ಹಾಗೇ. ಮೆಟ್ಟಿಲ ಮೇಲೆ ಕೂತಿದ್ದ ತ್ರಿವೇಣಿ ಕತ್ತು ಚಾಚಿ ನೋಡಿದಳು.

“ಸೋವಿ ಮಾಲು ತಂದು ಕೆಟ್ಟೆ. ಭೀಮಣ್ಣಗ ವಾಪಸ್ ಕೊಟ್ಟ ಬರ್ತೀನಿ,” ಎಂದು ಎದ್ದರು.

ತ್ರಿವೇಣಿ ಕೋಲು ಊರಿಕೊಂಡು ಬಂದು ಬಗ್ಗಿ ನೋಡಿದಳು. “ತಡಿ ಅಪ್ಪಾ. ಗನ್ ಕೆಟ್ಟಿದ್ರ ಎಲ್ಲಾ ಕಡೆ ತೂತು ಬೀಳಬೇಕಿತ್ತು. ಇಲ್ಲಿ ನೋಡು, ಸಾಲಾಗಿ ಬಿದ್ದಾವ. ಅಡ್ಡಕ ಮೂರು ಸಾಲು. ಆ ಗಾಲಿಗೂ ಮೂರ.” ಸ್ವಲ್ಪ ಹೊತ್ತು ನೋಡಿ ಮನೆಯ ಕಡೆ ತಿರುಗಿದಳು. “ಅವ್ವಾ, ಪೂಜಾ ಮಾಡಿಯೇನು?”

ಕಾಶವ್ವ ಸೆರಗಿಗೆ ಕೈ ಒರೆಸುತ್ತ ಬಂದರು. “ಹೊಸಾ ಕೆಲಸ ಹಿಡದೀರಿ, ಈಬತ್ತಿ ಹಚ್ಚಲಾರದ ಬಿಡಾಕ ಬರ್ತದೇನು? ಅಪ್ಪ ಆ ಗಾಳಿ ಡಬ್ಬಿ ತರಾಕ ಹೋದಾಗ ಹಚ್ಚಿದ್ನಿ. ಮತ್ತ ಚೊಕ್ಕ ಒರಿಸೀನಿ.”

“ವಿಭೂತಿ ನೀರಾಗ ಕಲಸಿದ್ದೇನು?” ಎಂದಳು ತ್ರಿವೇಣಿ.

“ನೀರು ಹಚ್ಚಿದ್ರ ಕಬ್ಬಣ ತುಕ್ಕ ಹಿಡಿತೈತಿ ಅಂತ ಹನಿ ಕೊಬ್ಬರಿ ಎಣ್ಣ್ಯಾಗ ಕಲಸೀನಿ.”

ಎಣ್ಣೆ ಇದ್ದಲ್ಲಿ ಬಣ್ಣ ನಿಲ್ಲುವುದಿಲ್ಲ. ಕಣ್ಣಿಗೆ ಕಾಣದಷ್ಟು ಇದ್ದರೂ ಸರಿದು ಹೋಗುತ್ತದೆ. ಕಾಶವ್ವನ ಮೂರು ಬೆರಳು ಆಡಿದಲ್ಲೆಲ್ಲ ಬಣ್ಣ ಸರಿದಿತ್ತು. ಕಾಶವ್ವ ಆ ಸಾಲುಗಳನ್ನು ನೋಡಿ ಕೈಗಳನ್ನು ಸೆರಗಿನೊಳಗೆ ಇಟ್ಟುಕೊಂಡರು.

“ನಾನ ಕೆಡಿಸಿದ್ನಲ್ಲ ಯವ್ವಾ.”

“ಕೆಟ್ಟಿಲ್ಲ ಬಿಡ,” ಎಂದರು ನಿಜಲಿಂಗಪ್ಪನವರು. “ಈಬತ್ತಿ ನೀ ಹಚ್ಚಿದ್ದಿ. ಅದರ ಪಾಡಿಗೆ ಅದು ಕೂತೈತಿ. ಎಣ್ಣಿಗಷ್ಟ ಎಬ್ಬಸೂಣು.”

ಥಿನ್ನರಿನಿಂದ ಹಸಿ ಬಣ್ಣವನ್ನೂ ಎಣ್ಣೆಯನ್ನೂ ಒರೆಸಿ ತೆಗೆದರು. ಒಣಗಿದ ಮೇಲೆ ಮತ್ತೆ ಉಜ್ಜಿದರು. ಬಗ್ಗಿ ಬಗ್ಗಿ ನಿಜಲಿಂಗಪ್ಪನವರ ಮಂಡಿ ಸೋತಿತ್ತು. ಮತ್ತೆ ಬಣ್ಣ ಹೊಡೆಯತೊಡಗಿದರೆ, ಅಂಚಿಗೆ ಬಂದಾಗ ಅವರ ಕೈ ನಿಂತು ಬಣ್ಣ ಸೋರಿ ಇಳಿಯುತ್ತಿತ್ತು.

“ಕೊಡು ಇಲ್ಲಿ,” ಎಂದು ತ್ರಿವೇಣಿ ಗಾಲಿಯ ಮುಂದೆ ಮಣೆ ಎಳೆದುಕೊಂಡು ಕೂತಳು. ಅಪ್ಪನ ಮಾಸ್ಕನ್ನೂ ಬಿಚ್ಚಿಸಿ ತಾನು ಕಟ್ಟಿಕೊಂಡಳು. ಕೋಲಿನ ಮೇಲೆ ಭಾರ ಹಾಕಿ ಬಲಿತ ಮಣಿಕಟ್ಟು ಅವಳದು. ಮುಚ್ಚಿಗೆಯ ಆಚೆಯಿಂದ ಕೈ ಓಡಿಸಲು ಶುರುಮಾಡಿ ಈಚೆ ದಾಟಿದ ಮೇಲೆಯೇ ಬೆರಳು ಬಿಡುತ್ತಿದ್ದಳು. ತೆಳುವಾಗಿ ಒಂದು ಕೈ, ಅದು ಆರಿದ ಮೇಲೆ ಇನ್ನೊಂದು. ನೀಲಿ ನಿಂತಿತು. ಸ್ಕೂಟರಿನ ನೀಲಿಗಿಂತ ಕೂದಲೆಳೆಯಷ್ಟು ಹೊಸದು.

“ಸ್ವಲ್ಪ ಬ್ಯಾರೆ ಅನಸ್ತದ,” ಎಂದರು ಅಪ್ಪ.

“ಅನಸ್ಲಿ. ನಾ ಹೊಡದದ್ದು ಅದು,” ಎಂದಳು.

ಸೋಮವಾರ ಬೆಳಿಗ್ಗೆ ಅವಳು ಸ್ಕೂಟರನ್ನು ಹೊರಗೆ ತೆಗೆದು ಹಿಂದಿನ ಸೀಟು ತಟ್ಟಿದಳು. “ಹತ್ತು ಅವ್ವಾ. ರಸ್ತೆ ಮೂಲೀತನಕ.”

ಕಾಶವ್ವ ಹತ್ತಿ ಕೂತರು. ಕೈ ಎಲ್ಲಿ ಇಡಬೇಕೆಂದು ತಿಳಿಯದೆ ಮಡಿಲಲ್ಲಿಯೇ ಇಟ್ಟುಕೊಂಡಿದ್ದರು. ತ್ರಿವೇಣಿ ಹಿಂದಕ್ಕೆ ಚಾಚಿ ಆ ಕೈಗಳನ್ನು ತನ್ನ ಸೊಂಟದ ಸುತ್ತ ತಂದುಕೊಂಡಳು. ಸ್ಕೂಟರು ಗೇಟು ದಾಟಿತು.

ತುಸು ಹೊತ್ತಿಗೆ ಕಾಶವ್ವ ಒಬ್ಬರೇ ನಡೆದು ಬಂದರು. ಗೇಟಿನಲ್ಲಿ ನಿಂತಿದ್ದ ನಿಜಲಿಂಗಪ್ಪನವರು ರಸ್ತೆಯ ಕಡೆಯೇ ನೋಡುತ್ತ ಕೇಳಿದರು: “ಏನಂದ್ಲು?”

“ಏನೂ ಅನ್ಲಿಲ್ಲ. ಇಳಿ ಅಂದ್ಲು, ಹೋದ್ಲು.”