ಸೈನ್ ಹಾಕಲು ಬರುತ್ತಿದ್ದವರು

ತೂಬಗೆರೆಯ ನಮ್ಮ ಮನೆ ಜಗಲಿಯಲ್ಲಿ, ಗೋಡೆಯ ಮೊಳೆಗೆ ಪೊಲೀಸರ ಗಸ್ತಿನ ಬೀಟ್ ಪುಸ್ತಕ ನೇತಾಡುತ್ತಿತ್ತು. ಅದಕ್ಕೆ ಸಹಿ ಹಾಕಲು ವಾರಕ್ಕೊಮ್ಮೆ ಬರುತ್ತಿದ್ದ ಕಾನ್‌ಸ್ಟೇಬಲ್, "ಕೂರಲ್ಲಮ್ಮ, ಸೈನ್ ಹಾಕ್ಬಿಟ್ಟು ಹೊರಟೆ" ಅನ್ನುತ್ತಲೇ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು ಅರ್ಧ ಗಂಟೆ ಕೂರುತ್ತಿದ್ದರು.

ಒಂದು ದಿನ ನೀರು ತಂದುಕೊಟ್ಟ ಅತ್ತಿಗೆಯ ಮುಂಗೈ ಮೇಲಿನ ಬಾಸುಂಡೆ ಅವರ ಕಣ್ಣಿಗೆ ಬಿತ್ತು. ನೀರು ಕುಡಿದು, ಪಕ್ಕದಲ್ಲಿ ಕೂತಿದ್ದ ಅಣ್ಣನಿಗೆ, "ನಾಳೆಯಿಂದ ದಿನಾ ಬರ್ತೀನಪ್ಪ, ಸೈನ್ ಹಾಕಕ್ಕೆ" ಅಂದರು. ಪುಸ್ತಕ ತುಂಬುವವರೆಗೂ ಬಂದರು. ಅಣ್ಣ ಮತ್ತೆ ಕೈ ಎತ್ತಲಿಲ್ಲ.

ಈಗ ಪುಸ್ತಕವಿಲ್ಲ, ಗೇಟಿಗೆ ಕ್ಯೂಆರ್ ಕೋಡ್ ಅಂಟಿಸಿದ್ದಾರೆ. ಹೊಸ ಕಾನ್‌ಸ್ಟೇಬಲ್ ಬೈಕ್ ಇಳಿಯದೆ ಸ್ಕ್ಯಾನ್ ಮಾಡಿಕೊಂಡು ಹೋಗುತ್ತಾರೆ. ಆ ಬೈಕಿನ ಸದ್ದಿಗೆ ಅಣ್ಣ ಇವತ್ತಿಗೂ ಎದ್ದು ನಿಲ್ಲುತ್ತಾನೆ.